ಒಣಗದ ಕೆಂಪು

ನಮ್ಮ ಡೊಂಬಿವಲಿಯ ಕನ್ನಡ ಸಂಘದವರು ಸ್ಮರಣ ಸಂಚಿಕೆಗೆ ಲೇಖನ ಕೇಳಿ ಮೂರು ಸಲ ಫೋನ್ ಮಾಡಿದರು. ಬೆಳೆದು ಬಂದ ಬಗೆಯನ್ನು ಬರೆದುಕೊಡಿ ಎಂದರು. ಬೆಳೆದದ್ದೇನೂ ಇಲ್ಲ ಮಾರಾಯ್ರೆ, ಮೂವತ್ತೆಂಟು ವರ್ಷ ಗಾಡಿಗಳ ಕೆಳಗೆ ಅಂಗಾತ ಮಲಗಿದ್ದಷ್ಟೇ ಎಂದೆ. ಅದನ್ನೇ ಬರೆಯಿರಿ, ಈ ಕೆಲಸಕ್ಕೆ ಬರುವ ಹೊಸಬರಿಗೆ ಉಪಯೋಗವಾಗುತ್ತದೆ ಎಂದು ಪಟ್ಟು ಹಿಡಿದರು. ಹಾಗಾದರೆ ಮೊದಲೇ ಹೇಳಿಬಿಡುತ್ತೇನೆ. ಈ ಕೆಲಸದಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಮಾಡಿದ್ದು ಹೆದರಿದ್ದು. ಇದು ಆ ಹೆದರಿಕೆಯ ಕಥೆ.

ಗ್ಯಾರೇಜು ಬಿಟ್ಟು ನಾಲ್ಕು ವರ್ಷವಾಯಿತು. ಈಗಲೂ ಬೀದಿಯಲ್ಲಿ ನಿಂತ ಹಳೆಯ ಗಾಡಿಯ ಕೆಳಗೆ ಒದ್ದೆ ಕಂಡರೆ ನನ್ನ ಕಾಲು ನಿಂತುಬಿಡುತ್ತದೆ. ಹೆಂಡತಿ ಜಲಜ ತರಕಾರಿ ಚೀಲ ಹಿಡಿದು ನಾಲ್ಕು ಹೆಜ್ಜೆ ಮುಂದೆ ಹೋಗಿ, ತಿರುಗಿ ನೋಡಿ, "ಅದು ಏಸಿ ನೀರು, ಬನ್ನಿ" ಎನ್ನುತ್ತಾಳೆ. ಅವಳು ಹೇಳುವುದು ಹೆಚ್ಚಾಗಿ ಸರಿಯೇ ಇರುತ್ತದೆ. ಆದರೂ ನಾನು ಬಗ್ಗಿ, ಬೆರಳಿನಿಂದ ಮುಟ್ಟಿ, ಮೂಸಿ ನೋಡದೆ ಹೋಗುವುದಿಲ್ಲ. ಜನ ನೋಡುತ್ತಾರೆ. ನೋಡಲಿ.

ಹೊಸಬರಿಗೆ ಒಂದಿಷ್ಟು ವಿವರ ಹೇಳಬೇಕು. ಈಗಿನ ಗಾಡಿಗಳಲ್ಲಿ ಸ್ಟಿಯರಿಂಗ್ ಹಗುರ ಮಾಡುವುದು ಒಂದು ಕರೆಂಟಿನ ಮೋಟರು. ನಮ್ಮ ಕಾಲದ ಗಾಡಿಗಳಲ್ಲಿ ಆ ಕೆಲಸವನ್ನು ಎಣ್ಣೆ ಮಾಡುತ್ತಿತ್ತು. ಇಂಜಿನ್ನಿನ ಪಕ್ಕದ ಪಂಪು ಎಣ್ಣೆಯನ್ನು ಒತ್ತಡದಿಂದ ರ‍್ಯಾಕ್‌ಗೆ ತಳ್ಳುತ್ತದೆ. ರ‍್ಯಾಕ್ ಎಂದರೆ ಮುಂದಿನ ಎರಡು ಚಕ್ರಗಳ ನಡುವೆ ಅಡ್ಡಲಾಗಿ ಕುಳಿತ ಕೊಳವೆ. ಅದರೊಳಗಿನ ಸರಳು ಎಡಕ್ಕೂ ಬಲಕ್ಕೂ ಸರಿದು ಚಕ್ರಗಳನ್ನು ತಿರುಗಿಸುತ್ತದೆ. ಕೊಳವೆಯ ಎರಡು ತುದಿಗೂ ಮಡಿಕೆ ಮಡಿಕೆಯಾದ ರಬ್ಬರ್ ಚೀಲಗಳಿವೆ. ನಾವು ಅವನ್ನು ಬೂಟ್ ಎನ್ನುತ್ತೇವೆ. ಒಳಗಿನ ಸೀಲ್ ಸವೆದಾಗ ಎಣ್ಣೆ ನೇರವಾಗಿ ನೆಲಕ್ಕೆ ಬೀಳುವುದಿಲ್ಲ. ಮೊದಲು ಬೂಟಿನೊಳಗೆ ಸೇರಿಕೊಳ್ಳುತ್ತದೆ, ಕಳ್ಳನ ಹಾಗೆ ಅಲ್ಲೇ ಕೂತಿರುತ್ತದೆ. ಬೂಟ್ ತುಂಬಿ ಕ್ಲಿಪ್ ಜಾರಿದ ದಿನ ಒಮ್ಮೆಲೇ ಹೊರಗೆ ಬರುತ್ತದೆ. ಆ ಎಣ್ಣೆಯ ಬಣ್ಣ ಕೆಂಪು. ಈ ಬಣ್ಣವನ್ನು ಮರೆಯಬೇಡಿ, ಮುಂದೆ ಬೇಕಾಗುತ್ತದೆ.

ನನಗೆ ಇದನ್ನು ಕಲಿಸಿದವರು ಠಾಣೆಯ ನೌಪಾಡಾದಲ್ಲಿ ಗ್ಯಾರೇಜ್ ಇಟ್ಟಿದ್ದ ಅಬ್ಬಾಸ್ ಉಸ್ತಾದರು. ಊರಿಂದ ಬಂದ ನಾನು ಮಾವನ ಹೋಟೆಲಿನಲ್ಲಿ ಲೋಟ ತೊಳೆದು ಬೇಸತ್ತು, ಎದುರಿನ ಅವರ ಗ್ಯಾರೇಜಿಗೆ ಹಾರಿದವನು. ಉಸ್ತಾದರು ಬೈಯುತ್ತಿರಲಿಲ್ಲ, ಅದೇ ಭಯ. ತಪ್ಪು ಮಾಡಿದರೆ ಸುಮ್ಮನೆ ಕೆಲಸ ನಿಲ್ಲಿಸಿ ನಮ್ಮ ಮುಖ ನೋಡುತ್ತಿದ್ದರು. ರ‍್ಯಾಕಿನ ಗಾಡಿ ಬಂದರೆ ನನ್ನನ್ನು ಕೆಳಗೆ ತಳ್ಳಿ, "ಆಂಖ್ ಬಂದ್ ಕರ್. ಹಾಥ್ ಸೇ ದೇಖ್" ಎನ್ನುತ್ತಿದ್ದರು. ಕಣ್ಣು ಮುಚ್ಚಿ ಬೂಟನ್ನು ಹಿಂಡಬೇಕು. ಗಾಳಿ ತುಂಬಿದ ಬೂಟ್ ಹಗುರ. ಎಣ್ಣೆ ಸೇರಿದ ಬೂಟ್ ಕೈಯಲ್ಲಿ ಭಾರವಾಗಿ ತೂಗುತ್ತದೆ, ಎಳನೀರಿನ ಹಾಗೆ ಒಳಗೆ ಕುಲುಕುತ್ತದೆ. ಒಂದು ಹಿಂಡಿ ನಾನು ಹೊರಗೆ ಬಂದರೆ ಉಸ್ತಾದರು ಎರಡು ಬೆರಳು ಎತ್ತಿ ತೋರಿಸುತ್ತಿದ್ದರು.

"ದೋನೋ ಬಾಜೂ."

ಎರಡೂ ಕಡೆ. ಅಷ್ಟೇ ಅವರ ಪಾಠ. ಮತ್ತೆ ಕೆಳಗೆ ಹೋಗುತ್ತಿದ್ದೆ.

ನಡುವೆ ಕೆಲವು ವರ್ಷ ನವಿ ಮುಂಬೈಯ ಒಂದು ದೊಡ್ಡ ವರ್ಕ್‌ಶಾಪಿನಲ್ಲಿ ದುಡಿದೆ. ಅಲ್ಲಿ ಯಾರೂ ಕಣ್ಣು ಮುಚ್ಚುವ ಹಾಗಿರಲಿಲ್ಲ. ಮ್ಯಾನೇಜರು ಗಡಿಯಾರ ಹಿಡಿದೇ ಓಡಾಡುತ್ತಿದ್ದರು. ರ‍್ಯಾಕ್ ಸೋರಿದರೆ ಬಿಚ್ಚಿ ಸೀಲ್ ಹಾಕುವ ಮಾತೇ ಇಲ್ಲ, ಇಡೀ ರ‍್ಯಾಕ್ ತೆಗೆದು ಹೊಸದು ಕೂರಿಸು, ಮುಂದಿನ ಗಾಡಿ ನೋಡು. ಅಲ್ಲಿ ನಾನು ಮಾಡಿದ ದೊಡ್ಡ ಪೆದ್ದುತನ ಹೇಳುತ್ತೇನೆ. ರ‍್ಯಾಕ್ ಕಳಚಿದ ಮೇಲೆ ಮೇಲಿನ ಸ್ಟಿಯರಿಂಗ್ ಚಕ್ರವನ್ನು ಸೀಟ್ ಬೆಲ್ಟಿನಿಂದ ಕಟ್ಟಿಡಬೇಕು, ಇಲ್ಲದಿದ್ದರೆ ಅದು ಬೇಕಾಬಿಟ್ಟಿ ಸುತ್ತಿ ಒಳಗಿನ ವೈರು ಹರಿಯುತ್ತದೆ. ನಾನು ಕಟ್ಟಿರಲಿಲ್ಲ. ಊಟದ ಹೊತ್ತಿನಲ್ಲಿ ಯಾರೋ ಆಟಕ್ಕೆ ತಿರುಗಿಸಿದರು. ಹಾರ್ನು ಸತ್ತಿತು, ಏರ್‌ಬ್ಯಾಗಿನ ಕೆಂಪು ದೀಪ ಹತ್ತಿತು. ಮ್ಯಾನೇಜರು ಎಲ್ಲರೆದುರು ನನಗೆ ಮಂಗಳಾರತಿ ಮಾಡಿದರು. ಬಾಯಿ ಮುಚ್ಚಿಕೊಂಡು ಕೇಳಿದೆ, ಏಕೆಂದರೆ ತಪ್ಪು ನನ್ನದೇ.

ಖಾರಘರದ ಒಬ್ಬ ಕಂಪ್ಯೂಟರ್ ಇಂಜಿನಿಯರು ನೆನಪಾಗುತ್ತಾರೆ. ಆರು ತಿಂಗಳಿಂದ ಎಣ್ಣೆ ಕಡಿಮೆಯಾಗುತ್ತಿದೆ, ನಾನೇ ವಾರಕ್ಕೊಮ್ಮೆ ಹಾಕಿಕೊಳ್ಳುತ್ತೇನೆ ಎಂದು ಹೆಮ್ಮೆಯಿಂದ ಹೇಳಿದರು. ಡಿಕ್ಕಿಯಲ್ಲಿ ಎಣ್ಣೆ ಬಾಟಲಿಗಳ ಸಾಲೇ ಇತ್ತು. ಅವರ ಬೂಟಿನ ಕ್ಲಿಪ್ ಸಡಿಲಿಸಿದಾಗ ಒಳಗಿದ್ದ ಎಣ್ಣೆಯೆಲ್ಲ ನನ್ನ ಮುಖದ ಮೇಲೆ ಬಿತ್ತು. ನಾನು ಕೆಂಪು ಮುಖದಲ್ಲಿ ಹೊರಗೆ ಬಂದದ್ದು ನೋಡಿ ಅವರು ಬೆಚ್ಚಿ ಹಿಂದೆ ಸರಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಮುಂದೆ ಇದೇ ಬಣ್ಣ ನನ್ನ ನಗುವನ್ನು ಕಸಿದೀತು ಎಂದು ಆಗ ಗೊತ್ತಿರಲಿಲ್ಲ.

ಅಲ್ಲಿಯ ಕೆಲಸ ಬಿಟ್ಟು ಡೊಂಬಿವಲಿ ಪೂರ್ವದಲ್ಲಿ ನನ್ನದೇ ಸಣ್ಣ ಗ್ಯಾರೇಜ್ ಹಾಕಿದೆ. ಜೊತೆಗೆ ಗಣಪತ್ ಎಂಬ ಮರಾಠಿಯವನು, ಡೆಂಟಿಂಗ್ ಕೆಲಸದವನು. ಗಿರಾಕಿಗಳಲ್ಲಿ ಅರ್ಧ ನಮ್ಮ ಉಡುಪಿ ಕಡೆಯ ಹೋಟೆಲಿನವರು, ಉಳಿದವರು ಧಾರವಾಡ, ವಿಜಾಪುರ ಕಡೆಯ ನೌಕರಿಯವರು. ಅವರಲ್ಲಿ ಒಬ್ಬರು ಸುಧಾ ದೇಸಾಯಿ. ಖಾರಘರದ ಒಂದು ಶಾಲೆಯಲ್ಲಿ ಚಿತ್ರಕಲೆಯ ಟೀಚರು. ನನಗಿಂತ ಚಿಕ್ಕವರಾದರೂ ನಾನು ಸುಧಕ್ಕ ಎನ್ನುತ್ತಿದ್ದೆ, ಅವರು ಸದಾಶಿವಣ್ಣ ಎನ್ನುತ್ತಿದ್ದರು.

ಸುಧಕ್ಕ ದಿವಾ ಸ್ಟೇಷನ್ನಿನ ಗರ್ದಿಯಲ್ಲಿ ಟ್ರೇನಿನಿಂದ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಿದ್ದರು. ಒಳಗೆ ಉಕ್ಕಿನ ಪಟ್ಟಿ ಕೂರಿಸಿದ್ದರು. ಕೈ ಬಂತು, ಬಲ ಬರಲಿಲ್ಲ. ಕುಂಚ ಹಿಡಿಯುವಷ್ಟು ಇತ್ತು, ನೀರಿನ ಕೊಡ ಎತ್ತುವಷ್ಟು ಇರಲಿಲ್ಲ. ಟ್ರೇನಿನ ಸಹವಾಸ ಸಾಕು ಎಂದು ಒಂದು ಹಳೆಯ ಗಾಡಿ ಕೊಂಡರು. ಮೊದಲ ದಿನವೇ ನನ್ನ ಮುಂದೆ ನಿಲ್ಲಿಸಿ ಹೇಳಿದ್ದರು.

"ಸದಾಶಿವಣ್ಣ, ಸ್ಟೇರಿಂಗ್ ಹಗೂರ ಅದ ಅಂತನ ಇದನ್ನ ತಗೊಂಡೀನ್ರಿ. ಅದೊಂದು ಕೆಟ್ಟರ ನನ್ನ ಕೈಲೆ ಆಗೂದಿಲ್ಲ. ನಮ್ಮನಿಯವರಿಗೆ ಗಾಡಿ ಬರೂದಿಲ್ಲ. ಅದನ್ನ ಮಾತ್ರ ನೀವು ನೋಡಕೋಬೇಕು."

"ಅದು ನನ್ನ ಜವಾಬ್ದಾರಿ ಅಕ್ಕ, ನೀವು ತಲೆಬಿಸಿ ಮಾಡಬೇಡಿ" ಎಂದಿದ್ದೆ.

ಒಂದು ವರ್ಷ ನವರಾತ್ರಿ ಶುರುವಾಗುವ ಹೊತ್ತಿಗೆ ಸ್ಟಿಯರಿಂಗ್ ತಿರುಗಿಸಿದರೆ ಗುಂಯ್ ಎನ್ನುತ್ತದೆ ಎಂದು ಗಾಡಿ ತಂದರು. ಎಣ್ಣೆ ಕಡಿಮೆ ಇತ್ತು. ಪಂಪಿನ ಪೈಪಿನ ಕ್ಲಿಪ್ ಸಡಿಲವಾಗಿ ಒಂದಿಷ್ಟು ಜಿನುಗಿತ್ತು. ಬಿಗಿ ಮಾಡಿದೆ, ಎಣ್ಣೆ ತುಂಬಿದೆ. ಕೆಳಗೆ ನುಗ್ಗಿ ಎಡಗಡೆಯ ಬೂಟ್ ಹಿಂಡಿದೆ. ಹಗುರವಾಗಿತ್ತು. ಬಲಗಡೆ ಗಾಡಿ ಗೋಡೆಗೆ ಅಂಟಿ ನಿಂತಿತ್ತು. ಕೈ ಹೋಗಬೇಕಾದರೆ ಗಾಡಿಯನ್ನು ಹೊರಗೆ ತೆಗೆಯಬೇಕು, ಹಿಂದೆ ಇನ್ನೆರಡು ಗಾಡಿ ಸರಿಸಬೇಕು. ಹಬ್ಬದ ಮುಂದೆ ಗಾಡಿಗಳ ಸಂತೆಯೇ ನೆರೆದಿತ್ತು. ಕಾರಣ ಹೇಗೂ ಸಿಕ್ಕಿದೆ, ಪೈಪ್ ಕ್ಲಿಪ್ಪೇ ಇರಬೇಕು ಎಂದುಕೊಂಡು ಎದ್ದೆ. ಉಸ್ತಾದರ ಎರಡು ಬೆರಳು ನೆನಪಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ನೆನಪಾಯಿತು, ಆಮೇಲೆ ನೋಡೋಣ ಎಂದುಕೊಂಡೆ.

ಎಂಟು ದಿನ ಬಿಟ್ಟು, ನವಮಿಯ ಬೆಳಿಗ್ಗೆ, ಸುಧಕ್ಕ ಗಾಡಿ ತೊಳೆಸಿಕೊಂಡು ಬಂದರು. ಜೊತೆಗೆ ಯಜಮಾನರು, ಹಿಂದಿನ ಸೀಟಿನಲ್ಲಿ ಎಂಬತ್ತರ ಹತ್ತಿರದ ಅತ್ತೆ. ಮಾಳಶೇಜ್ ಘಾಟಿನ ಆಚೆ ಇರುವ ನಾದಿನಿಯ ಮನೆಗೆ ಹೊರಟಿದ್ದರು.

"ಖಂಡೇಪೂಜಿ ನಿಮ್ಮ ಕೈಲೆ ಮಾಡಿಸಿಕೊಂಡ ಹೋಗೋಣ ಅಂತ ಬಂದ್ವಿರಿ. ಈಗ ಆವಾಜ್ ಏನೂ ಇಲ್ಲ" ಎಂದರು.

ಮರಾಠಿಯವರು ಗಾಡಿಪೂಜೆ ಮಾಡುವುದು ಮರುದಿನ ದಸರೆಗೆ. ನಾವು ಕನ್ನಡದವರಿಗೆ ಆಯುಧಪೂಜೆ ನವಮಿಗೇ. ನಾನು ಬೆಳಿಗ್ಗೆಯೇ ಎಲ್ಲ ಹತಾರಗಳನ್ನು ತೊಳೆದು ಒರೆಸಿ, ಪಾನಾ ಎನ್ನುವ ಸ್ಪ್ಯಾನರು, ಪಕ್ಕಡ ಎನ್ನುವ ಇಕ್ಕಳ, ಜಾಕ್ ಎಲ್ಲವನ್ನೂ ಒಂದು ಹಲಗೆಯ ಮೇಲೆ ಜೋಡಿಸಿ, ಕುಂಕುಮ ಹಚ್ಚಿ, ಹೂವಿಟ್ಟು ಪೂಜೆ ಮುಗಿಸಿದ್ದೆ. ಪೂಜೆಗಿಟ್ಟ ಆಯುಧವನ್ನು ಆ ದಿನ ಮುಟ್ಟುವ ಪದ್ಧತಿಯಿಲ್ಲ. ಸುಧಕ್ಕನ ಗಾಡಿ ಕಂಡಾಗ ಬಲಗಡೆಯ ಬೂಟ್ ನೆನಪಾಯಿತು. ಆದರೆ ಜಾಕ್ ಹೂವಿನ ಕೆಳಗಿತ್ತು. ಹಬ್ಬ ಮುಗಿಯಲಿ, ಬಂದ ಮೇಲೆ ನೋಡೋಣ ಎಂದು ಎರಡನೆಯ ಸಲ ಅಂದುಕೊಂಡೆ.

ಬಾನೆಟ್ಟಿನ ಮೇಲೆ ಚೆಂಡುಹೂವಿನ ಹಾರ ಹಾಕಿದೆ, ಕುಂಕುಮದ ಬೊಟ್ಟಿಟ್ಟೆ. ಹಾರ ಹಾಕಿದ ಬಾನೆಟ್ಟನ್ನು ಎತ್ತಿ ಎಣ್ಣೆಯ ಮಟ್ಟ ನೋಡುವವರು ಯಾರು? ಜಲಜ ಹರಿವಾಣದಲ್ಲಿ ಅರಿಶಿನಕ್ಕೆ ಸುಣ್ಣ ಕದಡಿ ಕೆಂಪು ನೀರು ಮಾಡಿ ತಂದಳು. ನಮ್ಮ ಕಡೆ ಅದಕ್ಕೆ ಕುರ್ದಿ ಎನ್ನುತ್ತೇವೆ. ಗಾಡಿಗೆ ನಿವಾಳಿಸಿ ಮುಂದಿನ ಎರಡು ಚಕ್ರಗಳ ಬುಡಕ್ಕೆ ಚೆಲ್ಲಿದೆವು. ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟೆವು. ಸುಧಕ್ಕ ಸ್ಟಿಯರಿಂಗನ್ನು ಪೂರ್ತಿ ಒಂದು ಕಡೆಗೆ, ಮತ್ತೆ ಪೂರ್ತಿ ಇನ್ನೊಂದು ಕಡೆಗೆ ತಿರುಗಿಸಿ, ಗಾಡಿಯನ್ನು ಹಿಂದೆ ಮುಂದೆ ಮಾಡಿ ಹೊರಗೆ ತೆಗೆದರು. ಹೊರಡುವ ಮುನ್ನ ಕಿಟಕಿಯಿಂದ ತಲೆ ಹೊರಗೆ ಹಾಕಿ, ಗಾಡಿ ನಿಂತಿದ್ದ ಜಾಗ ನೋಡಿದರು.

"ಸದಾಶಿವಣ್ಣ, ಇದೇನ್ರಿ ಇಷ್ಟು ಕೆಂಪಗ?"

"ಅದು ಕುರ್ದಿ ನೀರು ಅಕ್ಕ. ಚಕ್ರಕ್ಕೂ ಹಿಡಿದಿರುತ್ತೆ, ದಾರಿಯಲ್ಲಿ ಸ್ವಲ್ಪ ತೊಟ್ಟಿಕ್ಕಿದ್ರೂ ಹೆದರಬೇಡಿ. ಒಳ್ಳೇದೇ" ಎಂದೆ. ನಗುತ್ತಾ ಹೇಳಿದೆ. ಅವರೂ ನಕ್ಕು ಕೈಬೀಸಿ ಹೋದರು.

ಅವರು ಹೋಗಿ ಎರಡು ತಾಸಾಗಿರಬಹುದು. ಬೇರೆ ಗಾಡಿಗಳ ಪೂಜೆಯೂ ಮುಗಿದು, ಗಣಪತ್ ಪ್ರಸಾದದ ಅವಲಕ್ಕಿ ತಿನ್ನುತ್ತಿದ್ದ. ನಾನು ಹೂವಿನ ಕಸ ಗುಡಿಸಲು ಪೊರಕೆ ಹಿಡಿದೆ. ಬಿಸಿಲು ಚೆನ್ನಾಗಿ ಬಿದ್ದಿತ್ತು. ಚೆಲ್ಲಿದ ಕುರ್ದಿಯೆಲ್ಲ ಒಣಗಿ ಸುಣ್ಣದ ಪುಡಿಯಾಗಿ ಪೊರಕೆಗೆ ಎದ್ದು ಬರುತ್ತಿತ್ತು. ಸುಧಕ್ಕನ ಗಾಡಿಯ ಬಲಚಕ್ರ ನಿಂತಿದ್ದ ಕಡೆ ಪೊರಕೆ ಜಾರಿತು. ಅಂಗೈಯಷ್ಟು ಜಾಗ ಇನ್ನೂ ಕೆಂಪಗೆ, ಹಸಿಯಾಗಿ, ಹೊಳೆಯುತ್ತಿತ್ತು.

ಕೂತು ಬೆರಳಿಟ್ಟೆ. ಉಜ್ಜಿದೆ. ಮೂಸಿದೆ. ನೀರು ಒಣಗುತ್ತದೆ, ಎಣ್ಣೆ ಒಣಗುವುದಿಲ್ಲ.

ಎಂಟು ದಿನ ಬಲಗಡೆಯ ಬೂಟಿನೊಳಗೆ ಎಣ್ಣೆ ತುಂಬಿದೆ, ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ಕ್ಲಿಪ್ ಜಾರಿದೆ, ಈಗ ದಾರಿಯುದ್ದಕ್ಕೂ ಸುರಿಯುತ್ತಿದೆ. ಎಲ್ಲ ಖಾಲಿಯಾದ ಮೇಲೆ ಆ ಗಾಡಿಯನ್ನು ತಿರುಗಿಸಲು ಗಟ್ಟಿ ಗಂಡಸಿಗೂ ಎರಡು ಕೈ ಬೇಕು. ಅವರಿಗೆ ಇರುವುದು ಒಂದೂವರೆ ಕೈ. ಹೋಗುತ್ತಿರುವುದು ಮಾಳಶೇಜ್ ಘಾಟಿಗೆ.

ಫೋನ್ ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದೆ, ಎತ್ತಲಿಲ್ಲ. ಗಾಡಿ ಓಡಿಸುವಾಗ ಯಾರ ಫೋನ್ ಬಂದರೂ ಎತ್ತಬೇಡಿ ಅಕ್ಕ ಎಂದು ಬುದ್ಧಿ ಹೇಳಿದವನು ನಾನೇ. ಯಜಮಾನರ ನಂಬರು ನನ್ನಲ್ಲಿರಲಿಲ್ಲ. ಗಾಡಿ ನಿಲ್ಲಿಸಿ, ಅದು ಕುರ್ದಿಯಲ್ಲ, ಎಣ್ಣೆ ಎಂದು ವಾಟ್ಸಾಪಿನಲ್ಲಿ ಮಾತಾಡಿ ಕಳಿಸಿದೆ. ಒಂದೇ ಟಿಕ್ ಬಿತ್ತು. ಮೂರನೆಯ ಸಲ ಫೋನ್ ಮಾಡಿದಾಗ, ಸಂಪರ್ಕ ಕ್ಷೇತ್ರದ ಹೊರಗಿದ್ದಾರೆ ಎಂದು ಮರಾಠಿಯಲ್ಲಿ ಒಂದು ಹೆಣ್ಣು ದನಿ ಹೇಳಿತು.

ಪೂಜೆಯ ಹಲಗೆಯ ಮುಂದೆ ಹೋಗಿ ನಿಂತೆ. ಜಲಜ ಬಾಗಿಲಲ್ಲಿದ್ದಳು.

"ಇವತ್ತು ಮುಟ್ಟಬಾರದು" ಎಂದಳು ಮೆಲ್ಲಗೆ. ನನ್ನ ಮುಖ ನೋಡಿದ ಮೇಲೆ ಅವಳೇ ಹೂವು ಸರಿಸಿದಳು. ಕುಂಕುಮ ಹತ್ತಿದ ಪಕ್ಕಡ, ಜಾಕ್, ಎರಡು ಬಾಟಲಿ ಎಣ್ಣೆ, ಒಂದಿಷ್ಟು ಕ್ಲಿಪ್ಪುಗಳನ್ನು ಚೀಲಕ್ಕೆ ತುಂಬಿದೆ. ಗಣಪತ್ ತನ್ನ ಬೈಕಿನ ಚಾವಿ ಕೊಟ್ಟು, "ಜಾ ಭಾವು, ಪಣ ಸಾವಕಾಶ" ಎಂದ. ಹೋಗು ಅಣ್ಣ, ಆದರೆ ನಿಧಾನ ಎಂದು.

ಕಲ್ಯಾಣದ ಗರ್ದಿ ದಾಟಿ ಮುರಬಾಡ್ ರಸ್ತೆ ಹಿಡಿದೆ. ರಸ್ತೆಯ ಮೇಲೆ ಎಣ್ಣೆಯ ಗುರುತು ಹುಡುಕುತ್ತಾ ಹೋಗುವುದು ನನ್ನ ಲೆಕ್ಕವಾಗಿತ್ತು. ಆದರೆ ಅದು ಯಾವ ದಿನ ಎಂಬುದನ್ನು ಮರೆತಿದ್ದೆ. ರಿಕ್ಷಾ ಸ್ಟ್ಯಾಂಡಿನ ಮುಂದೆ ಕೆಂಪು, ಪಂಕ್ಚರ್ ಅಂಗಡಿಯ ಮುಂದೆ ಕೆಂಪು, ಕಾರ್ಖಾನೆಗಳ ಗೇಟಿನಲ್ಲಿ ಒಡೆದ ಕುಂಬಳಕಾಯಿಯ ಮೇಲೆ ಕುಂಕುಮ. ವರ್ಷದಲ್ಲಿ ಒಂದೇ ದಿನ ಇಡೀ ದಾರಿ ಕೆಂಪಾಗಿರುತ್ತದೆ, ನಾನು ಆ ದಿನವೇ ಕೆಂಪನ್ನು ಹುಡುಕಲು ಹೊರಟಿದ್ದೆ. ನಾಲ್ಕು ಕಡೆ ಬೈಕ್ ನಿಲ್ಲಿಸಿ, ರಸ್ತೆಯಲ್ಲಿ ಕೂತು ಮುಟ್ಟಿ ನೋಡಿದೆ. ನಾಲ್ಕೂ ಕುಂಕುಮ. ಐದನೆಯದು ಮುರಬಾಡ್ ದಾಟಿದ ಮೇಲೆ, ರಸ್ತೆಯ ಉಬ್ಬಿನ ಹತ್ತಿರ. ಅದು ಬೆರಳಿಗೆ ಜಾರಿತು.

ಅಲ್ಲಿಂದ ಮುಂದೆ ನನ್ನ ತಲೆಯಲ್ಲಿ ಒಳ್ಳೆಯ ಯೋಚನೆ ಒಂದೂ ಬರಲಿಲ್ಲ. ಎದುರಿನಿಂದ ಆಂಬುಲೆನ್ಸ್ ಬಂದೀತೇನೋ ಎಂದು ಕಾಯುತ್ತಿದ್ದೆ. ಬರುವ ಪ್ರತಿ ಬಿಳಿ ಗಾಡಿಯೂ ಆಂಬುಲೆನ್ಸಿನ ಹಾಗೆ ಕಾಣುತ್ತಿತ್ತು. ಪೊಲೀಸರು ಕೇಳಿದರೆ ಏನು ಹೇಳುವುದು ಎಂದು ಒಮ್ಮೆ ಯೋಚಿಸಿದೆ. ಆ ಯೋಚನೆ ಬಂದದ್ದಕ್ಕೆ ನನ್ನ ಮೇಲೇ ಹೇಸಿಗೆಯಾಯಿತು.

ಘಾಟಿನ ಬುಡದ ಹತ್ತಿರ ಒಂದು ಚಹಾದ ಟಪರಿ. ಅದರ ಮುಂದೆ, ಗಾಡಿಗಳು ನಿಲ್ಲುವ ಮಣ್ಣಿನಲ್ಲಿ, ಊಟದ ತಟ್ಟೆಯಷ್ಟಗಲ ಕೆಂಪು ಹಸಿ. ನಾನು ಕೂತು ಮುಟ್ಟಿದ್ದನ್ನು ಕಂಡು, ಕೇಳುವ ಮೊದಲೇ ಟಪರಿಯವನು ಹೇಳತೊಡಗಿದ. ಹೌದು, ಹಾರ ಹಾಕಿದ ಬಿಳಿ ಗಾಡಿ. ಒಬ್ಬಳು ಮುದುಕಿ, ಅವಳ ಮಗ, ಸೊಸೆ. ಮುರಬಾಡದಲ್ಲಿ ಪರಿಚಯದವರ ಮನೆಯಲ್ಲಿ ಅರಿಶಿನ ಕುಂಕುಮ ಮುಗಿಸಿ ಬಂದಿದ್ದರಂತೆ. ಚಹಾ ಕುಡಿದು ಏಳುವಾಗ ಮುದುಕಿ ಗಾಡಿಯ ಕೆಳಗಿನ ಕೆಂಪನ್ನು ಕಂಡಳಂತೆ. ಕಷ್ಟಪಟ್ಟು ಬಗ್ಗಿ ಮುಟ್ಟಿದಳಂತೆ.

"ಅತ್ತೆ ಸೊಸೆ ಇಬ್ಬರೂ ತಮ್ಮ ಭಾಷೆಯಲ್ಲಿ ವಾದ ಮಾಡಿದರು" ಎಂದು ಅವನು ಮರಾಠಿಯಲ್ಲಿ ಹೇಳಿದ. "ನಾನು ಏನಾಯಿತು ಎಂದು ಕೇಳಿದೆ. ನಮ್ಮ ಮೆಕ್ಯಾನಿಕ್ ಹೇಳಿದ್ದಾನೆ, ಅದು ಪೂಜೆಯ ನೀರು, ಹೆದರುವಂಥದ್ದಿಲ್ಲ ಎಂದರು ಸೊಸೆ. ಮುದುಕಿ ಹತ್ತುವುದಿಲ್ಲ ಎಂದಳು. ಕೈಹಿಡಿದು ಕೂರಿಸಿಕೊಂಡು ಹೋದರು. ಅರ್ಧ ತಾಸಾಯಿತು."

ಮುದುಕಿಯ ಬೆರಳಿಗೆ ಸತ್ಯ ಗೊತ್ತಾಗಿತ್ತು. ಜೀವನವಿಡೀ ಆರತಿ ನೀರು ಕದಡಿದ ಕೈ ಅದು. ಆ ಬೆರಳಿಗಿಂತ ನನ್ನ ಮಾತು ದೊಡ್ಡದಾಯಿತು. ಗಾಡಿಯನ್ನು ಘಾಟಿಗೆ ಹತ್ತಿಸಿದ್ದು ನಾನು.

ಘಾಟ್ ಹತ್ತಿದೆ. ಎಡಕ್ಕೆ ಗುಡ್ಡ, ಬಲಕ್ಕೆ ಮೊಣಕಾಲೆತ್ತರದ ಕಟ್ಟೆ, ಅದರಾಚೆ ಏನೂ ಇಲ್ಲ. ಪ್ರತಿ ತಿರುವಿನಲ್ಲೂ ಮೊದಲು ಆ ಕಟ್ಟೆಯನ್ನೇ ನೋಡುತ್ತಿದ್ದೆ, ಎಲ್ಲಾದರೂ ಹೊಸದಾಗಿ ಒಡೆದಿದೆಯೇ ಎಂದು. ಮೂರನೆಯ ತಿರುವು, ನಾಲ್ಕನೆಯದು, ಐದನೆಯದು. ಆರನೆಯದು ಎಡಕ್ಕೆ ಕಡಿದಾಗಿ ತಿರುಗುತ್ತಿತ್ತು. ಅಲ್ಲಿ ಜನ ಸೇರಿದ್ದರು.

ಕಟ್ಟೆ ಗಟ್ಟಿಯಾಗಿತ್ತು. ಗಾಡಿ ಗುಡ್ಡದ ಕಡೆಯ ಚರಂಡಿಗೆ ಎಡಗಡೆಯ ಮುಂಚಕ್ರ ಇಳಿಸಿ, ಓರೆಯಾಗಿ ನಿಂತಿತ್ತು. ಬಾನೆಟ್ಟಿನ ಮೇಲೆ ಚೆಂಡುಹೂವಿನ ಹಾರ ಹಾಗೇ ಇತ್ತು. ಸುಧಕ್ಕ ರಸ್ತೆಯಂಚಿನ ಕಲ್ಲಿನ ಮೇಲೆ ಕೂತು ಬಲಗೈಯನ್ನು ಎಡಗೈಯಲ್ಲಿ ಎತ್ತಿ ಹಿಡಿದುಕೊಂಡಿದ್ದರು. ಮಣಿಕಟ್ಟು ಊದಿ ಹೊಳೆಯುತ್ತಿತ್ತು. ಪಕ್ಕದಲ್ಲಿ ಅತ್ತೆ, ಹಿಂದೆ ನಿಂತ ಯಜಮಾನರು. ಮೂವರೂ ಇದ್ದರು. ಎಣಿಸಿದೆ, ಮತ್ತೆ ಎಣಿಸಿದೆ. ನನಗೆ ಅಳು ಬಂತು, ಮುಚ್ಚಿಡಲಿಲ್ಲ.

ಯಜಮಾನರು ಹೇಳಿದರು. "ಗುಂಯ್ ಅಂತ ಆವಾಜ್ ಬಂತು, ಆಮ್ಯಾಲ ಒಮ್ಮೆಲೇ ಸ್ಟೇರಿಂಗ್ ಕಲ್ಲಾತು ನೋಡ್ರಿ. ತಿರಗವಲ್ತು, ತಿರಗವಲ್ತು ಅಂತ ಇಕಿ ಒದರಿದಳು. ಗಾಡಿ ಸೀದಾ ಕಟ್ಟಿ ಕಡೆ ಹೊಂಟಿತ್ತು. ನಾ ಎಂದೂ ಸ್ಟೇರಿಂಗ್ ಮುಟ್ಟಿದಾಂವಲ್ಲ. ಹಿಡಿದು ನನ್ನ ಕಡೆ ಎಳಕೊಂಡೆ, ಅಷ್ಟ ಗೊತ್ತು."

ಅತ್ತೆ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದರು. ತೋರುಬೆರಳು ಇನ್ನೂ ಕೆಂಪಾಗಿತ್ತು.

"ಆರತಿ ನೀರು ಅಂದವರು ನೀವ ಏನ್ರಿ?"

"ಹೌದು ಅಮ್ಮ, ನಾನೇ" ಎಂದೆ.

ಮೂವರನ್ನೂ ಒಂದು ಜೀಪಿನಲ್ಲಿ ಮುರಬಾಡದ ಆಸ್ಪತ್ರೆಗೆ ಕಳಿಸಿ, ಎಳೆದೊಯ್ಯುವ ಗಾಡಿ ಬರುವವರೆಗೆ ನಾನು ಅಲ್ಲೇ ಕೂತೆ. ಕೆಳಗೆ ನುಗ್ಗಿ ಬಲಗಡೆಯ ಬೂಟ್ ನೋಡಿದೆ. ಕ್ಲಿಪ್ ಜಾರಿ, ರಬ್ಬರು ಬಾಯಿ ತೆರೆದು ಜೋತುಬಿದ್ದಿತ್ತು. ಹಿಂಡಿದೆ. ಒಳಗೆ ಏನೂ ಉಳಿದಿರಲಿಲ್ಲ. ಚೀಲದಿಂದ ಪಕ್ಕಡ ತೆಗೆದೆ, ಅದು ಎರಡು ಸಲ ಜಾರಿ ಎದೆಯ ಮೇಲೆ ಬಿತ್ತು. ಅಂಗಿಗೆ ಹತ್ತಿದ್ದು ಕುಂಕುಮವೋ ಎಣ್ಣೆಯೋ, ಆಮೇಲೆ ಜಲಜ ಎಷ್ಟು ತೊಳೆದರೂ ಹೋಗಲಿಲ್ಲ.

ಸುಧಕ್ಕನ ಕೈಯೊಳಗಿನ ಪಟ್ಟಿ ಬಾಗಿತ್ತು. ಮತ್ತೆ ಆಪರೇಷನ್ ಆಯಿತು. ನಾನು ಆಸ್ಪತ್ರೆಗೆ ಹೋಗಿ, ಬಲಗಡೆ ನೋಡಿರಲಿಲ್ಲ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಬೈಯಲಿಲ್ಲ. ಉಸ್ತಾದರ ಹಾಗೆ ಸುಮ್ಮನೆ ನನ್ನ ಮುಖ ನೋಡಿದರು. "ನೀವು ಅಂದ್ರಿ, ನಾ ನಂಬಿದೆ" ಎಂದಷ್ಟೇ ಹೇಳಿದರು. ನಾಲ್ಕು ತಿಂಗಳು ಎಡಗೈಯಲ್ಲಿ ಹಲಗೆಯ ಮೇಲೆ ಬರೆದು ಮಕ್ಕಳಿಗೆ ಪಾಠ ಮಾಡಿದರಂತೆ. ಗಾಡಿ ಮಾರಿದರು. ನನ್ನ ಗ್ಯಾರೇಜಿನ ಕಡೆ ಅವರು ಬರುವ ಕಾರಣ ಉಳಿಯಲಿಲ್ಲ.

ಅಂದಿನಿಂದ ನನ್ನ ಗ್ಯಾರೇಜಿನಲ್ಲಿ ಜಾಕ್ ಪೂಜೆಗೆ ಕೂರಲಿಲ್ಲ. ಆಯುಧಪೂಜೆಗೆ ಬಂದ ಗಾಡಿಯ ಎರಡೂ ಬೂಟ್ ಹಿಂಡಿ, ಬಾನೆಟ್ ತೆರೆದು ನೋಡಿದ ಮೇಲೆಯೇ ಹಾರ. ಗಿರಾಕಿಗಳು ಗೊಣಗಿದರು. ಸದಾಶಿವನಿಗೆ ವಯಸ್ಸಾಯಿತು, ಪುಕ್ಕಲನಾದ ಎಂದರು. ಆಗಿದ್ದೆ. ಹೊಸಬರೇ, ನಿಮಗೂ ಯಾರಾದರೂ ಹಾಗೆ ಹೇಳಿದರೆ ಬೇಸರ ಮಾಡಿಕೊಳ್ಳಬೇಡಿ. ಮತ್ತೊಂದು ಮಾತು, ಗಾಡಿಯವರು ಇದೇನು ಎಂದು ಕೇಳಿದಾಗ ನಿಂತಲ್ಲಿಂದ ಉತ್ತರ ಕೊಡಬೇಡಿ. ಬಗ್ಗಿ, ಮುಟ್ಟಿ, ಆಮೇಲೆ ಹೇಳಿ.

ನಾನು ಗ್ಯಾರೇಜ್ ಮುಚ್ಚುವ ವರ್ಷದ ನವಮಿಯ ಬೆಳಿಗ್ಗೆ ಒಂದು ಹೊಸ ನೀಲಿ ಗಾಡಿ ಬಾಗಿಲಲ್ಲಿ ನಿಂತಿತು. ಇಳಿದವರು ಸುಧಕ್ಕ. ಕೂದಲು ನೆರೆತಿತ್ತು. ಅತ್ತೆ ತೀರಿಕೊಂಡಿದ್ದರು. ಖಂಡೇಪೂಜೆ ಮಾಡಿಕೊಡಿ ಎಂದರು. ಬಾನೆಟ್ ತೆರೆದು ನೋಡಿ ಹಾರ ಹಾಕಿದೆ. ಜಲಜ ಕುರ್ದಿ ತಂದಳು, ನಿವಾಳಿಸಿ ಚಕ್ರದ ಬುಡಕ್ಕೆ ಚೆಲ್ಲಿದೆವು. ಸುಧಕ್ಕ ಗಾಡಿಯನ್ನು ಹತ್ತು ಅಡಿ ಮುಂದೆ ತೆಗೆದು, ನಿಲ್ಲಿಸಿ, ಇಂಜಿನ್ ಆರಿಸಿ ಇಳಿದು ಬಂದರು. ಕೆಂಪು ಚೆಲ್ಲಿದ ಜಾಗದ ಮುಂದೆ ಸೆರಗು ಸಿಕ್ಕಿಸಿಕೊಂಡು ನಿಂತರು.

"ಅಕ್ಕ, ಈ ಗಾಡಿಯಲ್ಲಿ ಆ ಕೆಂಪು ಎಣ್ಣೆಯೇ ಇಲ್ಲ" ಎಂದೆ. "ಸ್ಟೇರಿಂಗಿಗೆ ಮೋಟರು ಉಂಟು. ಸೋರುವುದಕ್ಕೆ ಏನೂ ಇಲ್ಲ."

"ಗೊತ್ತದರಿ" ಎಂದರು ಸುಧಕ್ಕ. "ಆದರೂ ಒಣಗಲಿ."

ನಾನೂ ಅವರ ಪಕ್ಕ ಹೋಗಿ ನಿಂತೆ. ಕೆಂಪು ಅಂಚಿನಿಂದ ಒಳಕ್ಕೆ ನಿಧಾನವಾಗಿ ಬಿಳಚಿಕೊಳ್ಳುತ್ತಿತ್ತು. ಪೂರ್ತಿ ಒಣಗುವವರೆಗೆ ಇಬ್ಬರೂ ಅಲ್ಲೇ ನಿಂತೆವು. ಆಮೇಲೆ ಅವರು ಬಗ್ಗಿ, ಬಲಗೈಯ ಬೆರಳಿನಿಂದ ನೆಲವನ್ನು ಒಮ್ಮೆ ಮುಟ್ಟಿ ನೋಡಿ, ಗಾಡಿ ಹತ್ತಿ ಹೋದರು.